ನೀಲಿ ಅಂಗಿಯ ಹುಡುಗರ ಊರು

ಒಂದು ಕಾಲಕ್ಕೆ ಭೂಮಿಯ ಮೇಲಿನ ಅತ್ಯಂತ ತಣ್ಣನೆಯ ಸ್ಥಳವೆನಿಸಿದ್ದ ಕಟ್ಟಡವೊಂದರಲ್ಲಿ ಇಂದು ಕಾನೂನು ಕಲಿಸುತ್ತಾರೆ. ಅದು ಇರುವುದು ನೆದರ್‌ಲ್ಯಾಂಡ್ಸ್ ದೇಶದ ಲೈಡನ್ ನಗರದಲ್ಲಿ, ಸ್ಟೇನ್‌ಸ್ಖೂರ್ ಎಂಬ ಕಾಲುವೆಯ ದಂಡೆಯ ಮೇಲೆ. 2004ರಿಂದ ಅಲ್ಲಿ ಲೈಡನ್ ವಿಶ್ವವಿದ್ಯಾಲಯದ ಕಾನೂನು ವಿಭಾಗ ನೆಲೆಸಿದೆ. ವಕೀಲಿ ವೃತ್ತಿಯ ನನ್ನನ್ನು ಆ ಬಾಗಿಲಿಗೆ ಕರೆದೊಯ್ದದ್ದು ಈ ವಿಭಾಗವೇ ಆದರೂ, ಅಲ್ಲಿ ನಿಂತ ಮೇಲೆ ಮನಸ್ಸನ್ನು ಹಿಡಿದದ್ದು ಆ ಕಟ್ಟಡದ ಹಿಂದಿನ ಒಕ್ಕಲು. ಅದು ಭೌತವಿಜ್ಞಾನದ ಪ್ರಯೋಗಶಾಲೆಯಾಗಿತ್ತು. ಅದರ ಹೆಸರು ಈಗಲೂ ಕಟ್ಟಡಕ್ಕೆ ಉಳಿದಿದೆ: ಕಾಮರ್ಲಿಂಗ್ ಓನ್ನೆಸ್ ಭವನ.

ಲೈಡನ್ ಆಮ್‌ಸ್ಟರ್‌ಡ್ಯಾಮ್ ಮತ್ತು ಹೇಗ್ ನಗರಗಳ ನಡುವಿನ ಊರು. ಗುಡ್ಡವಿಲ್ಲ, ಬಂಡೆಯಿಲ್ಲ, ಎತ್ತ ನೋಡಿದರೂ ಸಮತಟ್ಟು ನೆಲ, ನೆಲಕ್ಕೆ ಸರಿಸಮವಾಗಿ ನಿಂತ ನೀರು. ಮಳೆಗಾಗಿ ಮುಗಿಲು ನೋಡುವ ನಮ್ಮ ಜತ್ತದ ಕಡೆಯವರಿಗೆ, ನೀರನ್ನು ಹೊರಗಿಡಲು ಶತಮಾನಗಳಿಂದ ಹೆಣಗಿದ ನಾಡೊಂದಿದೆ ಎಂಬುದೇ ಮೊದಲ ಅಚ್ಚರಿ. ರೈಲು ನಿಲ್ದಾಣದಿಂದ ಕಾಲ್ನಡಿಗೆಯಲ್ಲಿಯೇ ಹಳೆಯ ಊರನ್ನು ಸುತ್ತಬಹುದು. ಮನೆಗಳ ಗೋಡೆಗಳ ಮೇಲೆ ನೂರಕ್ಕೂ ಹೆಚ್ಚು ಕವಿತೆಗಳನ್ನು ಅವವುಗಳ ಮೂಲ ಭಾಷೆಯಲ್ಲಿ, ಮೂಲ ಲಿಪಿಯಲ್ಲಿ ಬರೆಯಿಸಿದ್ದಾರೆ. ಓದಲು ಬಾರದ ಲಿಪಿಯನ್ನೂ ಗೋಡೆಯ ಮೇಲೆ ಗೌರವದಿಂದ ಇರಿಸಿಕೊಂಡ ಊರು ಅದು. ಗಡಿಯಾಚೆ ಕನ್ನಡ ಓದುವ ನಮಗೆ ಇದು ಸಣ್ಣ ಮಾತೆನಿಸಲಾರದು.

ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1575ರಲ್ಲಿ. ಸ್ಟೇನ್‌ಸ್ಖೂರಿನ ಈ ನಿವೇಶನ ಖಾಲಿಯಾಗಿ ಪ್ರಯೋಗಶಾಲೆಗೆ ದೊರೆತದ್ದರ ಹಿಂದೆ ಒಂದು ದುರಂತವಿದೆ. 1807ರ ಜನವರಿ 12ರಂದು ಈ ಕಾಲುವೆಯಲ್ಲಿ ಲಂಗರು ಹಾಕಿದ್ದ ಮದ್ದಿನ ಹಡಗೊಂದು ಸಿಡಿಯಿತು. ಸುಮಾರು 150 ಜನ ಸತ್ತರು. ಅವರಲ್ಲಿ ಶಾಲೆಯಲ್ಲಿದ್ದ ಮಕ್ಕಳೂ ಇದ್ದರು. ನೂರಾರು ಮನೆಗಳು ನೆಲಸಮವಾದವು. ಬಹುಕಾಲ ಬಯಲಾಗಿಯೇ ಉಳಿದಿದ್ದ ಆ ಪಾಳುನೆಲದ ಒಂದು ಭಾಗ ಇಂದು ಉದ್ಯಾನ. ಇನ್ನೊಂದು ಭಾಗದಲ್ಲಿ 19ನೆಯ ಶತಮಾನದ ಮಧ್ಯದಲ್ಲಿ ಪ್ರಯೋಗಶಾಲೆ ಎದ್ದಿತು.

1882ರಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಅಲ್ಲಿಗೆ ಪ್ರಾಧ್ಯಾಪಕನಾಗಿ ಬಂದಾಗ ಅವನಿಗೆ 29 ವರ್ಷ. ಖ್ರೋನಿಂಗನ್ ಊರಿನ ಹೆಂಚು ತಯಾರಕನ ಮಗ. ತನ್ನ ಮೊದಲ ಭಾಷಣದಲ್ಲಿಯೇ ಅವನು ಪ್ರಯೋಗಶಾಲೆಗೆ ಒಂದು ಧ್ಯೇಯವಾಕ್ಯವನ್ನು ಕೊಟ್ಟ: ಅಳೆಯುವುದರ ಮೂಲಕ ಅರಿವು. ಅನಿಲಗಳನ್ನು ತಣಿಸಿ ದ್ರವವಾಗಿಸಿ, ಅವುಗಳ ಗುಣವನ್ನು ಅಳೆಯುವುದು ಅವನ ಗುರಿ. ಆದರೆ ಅದಕ್ಕೆ ಬೇಕಾದ ಯಂತ್ರಗಳು ಯಾವ ಅಂಗಡಿಯಲ್ಲಿಯೂ ಸಿಗುತ್ತಿರಲಿಲ್ಲ. ಪಂಪು, ಕವಾಟ, ಶೋಧಿಸುವ ಕೊಳವೆ, ಗಾಜಿನ ಪಾತ್ರೆ, ಉಷ್ಣಮಾಪಕ, ವಿದ್ಯುತ್ ಅಳೆಯುವ ಸಲಕರಣೆ ಎಲ್ಲವನ್ನೂ ಅಲ್ಲಿಯೇ ರೂಪಿಸಬೇಕಾಗಿತ್ತು, ಇಲ್ಲವೇ ಕೊಂಡು ತಂದದ್ದನ್ನು ತಿದ್ದಿ ಪರೀಕ್ಷಿಸಿ ಬಳಸಬೇಕಾಗಿತ್ತು.

ಚಳಿಯನ್ನು ತಯಾರಿಸುವುದು ಮೆಟ್ಟಿಲುಬಾವಿಗೆ ಇಳಿದಂತೆ. ಮೇಲಿನ ಮೆಟ್ಟಿಲಿನಲ್ಲಿ ನಿಲ್ಲದೆ ಕೆಳಗಿನದಕ್ಕೆ ಕಾಲಿಡಲಾಗದು. ಅನಿಲವನ್ನು ಎಷ್ಟೇ ಒತ್ತಿದರೂ ಒಂದು ನಿರ್ದಿಷ್ಟ ಉಷ್ಣತೆಗಿಂತ ಕೆಳಗೆ ತಣಿದಿರದಿದ್ದರೆ ಅದು ದ್ರವವಾಗುವುದಿಲ್ಲ. ಆದ್ದರಿಂದ ಮೊದಲು ಸುಲಭವಾಗಿ ದ್ರವವಾಗುವ ಮೀಥೈಲ್ ಕ್ಲೋರೈಡನ್ನು ಒತ್ತಿ ದ್ರವವಾಗಿಸುವುದು; ಅದನ್ನು ಕಡಿಮೆ ಒತ್ತಡದಲ್ಲಿ ಕುದಿಸಿದರೆ ಅದು ಸುತ್ತಲಿನ ಶಾಖವನ್ನು ಹೀರಿ ಎಥಿಲೀನನ್ನು ತಣಿಸುತ್ತದೆ; ಎಥಿಲೀನ್ ಆಮ್ಲಜನಕವನ್ನು, ಆಮ್ಲಜನಕ ಗಾಳಿಯನ್ನು. ಬೇಸಿಗೆಯಲ್ಲಿ ಮಣ್ಣಿನ ಹರವಿಯ ಮೈಯಿಂದ ಆರಿಹೋಗುವ ನೀರು ಒಳಗಿನ ನೀರನ್ನು ತಣ್ಣಗೆ ಮಾಡುತ್ತದಲ್ಲವೇ, ಅದೇ ತತ್ತ್ವ. ಈ ಮೆಟ್ಟಿಲುಗಳಿಂದ ಮೈನಸ್ 190 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ತಲುಪಬಹುದು. ಮುಂದಿನ ಮೆಟ್ಟಿಲು ಜಲಜನಕ, ಮೈನಸ್ 253. ಕಟ್ಟಕಡೆಯದು ಹೀಲಿಯಂ, ಮೈನಸ್ 269. ಅದರ ಕೆಳಗೆ ನಾಲ್ಕು ಡಿಗ್ರಿಗಳಷ್ಟರಲ್ಲಿ ಬಾವಿಯ ತಳ. ಮೈನಸ್ 273ಕ್ಕಿಂತ ಕೆಳಗೆ ಉಷ್ಣತೆಯೆಂಬುದೇ ಇಲ್ಲ.

ಹೀಲಿಯಮ್ಮಿನ ಕಥೆಯಲ್ಲಿ ನಮ್ಮ ನೆರೆಯ ನೆಲಕ್ಕೂ ಒಂದು ಪಾಲಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ವಿಜಾಪುರ ಸೀಮೆಯ ಮೇಲೆ ಹಾದು ಪೂರ್ವಕ್ಕೆ ಗುಂಟೂರಿನತ್ತ ಹೋಯಿತು. ಕೃಷ್ಣೆಯ ದಕ್ಷಿಣಕ್ಕಿರುವ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷಲ್ ರೋಹಿತದರ್ಶಕವನ್ನು ಹೂಡಿ ಕುಳಿತಿದ್ದ. ಸೂರ್ಯನ ಅಂಚಿನಿಂದೆದ್ದ ಜ್ವಾಲೆಯ ಬೆಳಕಿನಲ್ಲಿ ಅವನಿಗೆ ಮೂರು ಗೆರೆಗಳು ಕಂಡವು: ಕೆಂಪು, ಕಿತ್ತಳೆ, ನೀಲಿ. ನಡುವಣ ಗೆರೆ ಸೋಡಿಯಮ್ಮಿನದೆಂದು ಮೊದಲಿಗೆ ಎಣಿಸಲಾಯಿತು. ಅದು ಸೋಡಿಯಂ ಗೆರೆಗೆ ಹೊಂದುವುದಿಲ್ಲವೆಂದು ಅದೇ ವರ್ಷ ಲಾಕ್ಯರ್ ಕಂಡುಕೊಂಡ. ಆ ಗೆರೆಯ ಒಡೆಯನಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂತು. ಭೂಮಿಯ ಮೇಲೆ ಅದು ರಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ. ಜಮಖಂಡಿಯ ಆಕಾಶದಲ್ಲಿ ಬೆಳಕಾಗಿ ಕಂಡದ್ದು ಲೈಡನ್ನಿನಲ್ಲಿ ಹನಿಯಾಗಲು ನಲವತ್ತು ವರ್ಷ ಬೇಕಾಯಿತು.

ಆ ನಲವತ್ತರಲ್ಲಿ ಕೆಲವು ವರ್ಷಗಳನ್ನು ಕಾನೂನು ತೆಗೆದುಕೊಂಡಿತು. 1895ರಲ್ಲಿ ಲೈಡನ್ ನಗರಸಭೆಗೆ ಪ್ರಯೋಗಶಾಲೆಯಲ್ಲಿ ಒತ್ತಿದ ಅನಿಲಗಳ ಸಂಗ್ರಹವಿದೆ ಎಂಬುದು ತಿಳಿಯಿತು. ಮದ್ದಿನ ಹಡಗು ಸಿಡಿದ ಅದೇ ಜಾಗ! ಊರಿನ ನೆನಪು ಎಚ್ಚತ್ತಿತು. ಉಪದ್ರವ ತಡೆ ಕಾಯ್ದೆಯಡಿ ಪರವಾನಗಿಯ ಪ್ರಶ್ನೆ ಎದ್ದಿತು. ವಿಷಯ ಸರಕಾರದವರೆಗೆ ಹೋಗಿ, ತಜ್ಞರ ಸಮಿತಿ ನೇಮಕವಾಯಿತು. ಅನಿಲಗಳ ವರ್ತನೆಯ ಸಮೀಕರಣಕ್ಕೆ ಹೆಸರಾದ ವಾನ್ ಡರ್ ವಾಲ್ಸ್ ಅದರಲ್ಲಿದ್ದ. ಪ್ರತಿಸ್ಪರ್ಧಿಯೇ ಆಗಿದ್ದ ಲಂಡನ್ನಿನ ಜೇಮ್ಸ್ ಡ್ಯೂವರ್ ಕೂಡ ಪ್ರಯೋಗಗಳು ನಿಲ್ಲಬಾರದೆಂದು ಬೆಂಬಲದ ಪತ್ರ ಬರೆದ. ಅಂತಿಮವಾಗಿ 1898ರಲ್ಲಿ ಅನುಮತಿ ದೊರೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಡ್ಯೂವರ್ ಲಂಡನ್ನಿನಲ್ಲಿ ಜಲಜನಕವನ್ನು ದ್ರವವಾಗಿಸಿ ಓಟದಲ್ಲಿ ಮುಂದೆ ಹೋಗಿದ್ದ.

ವಿಜ್ಞಾನದ ಇತಿಹಾಸ ಬರೆಯುವವರು ಈ ನಗರಸಭೆಯನ್ನು ನಕ್ಕು ಬದಿಗಿಡುವುದುಂಟು. ನನಗೆ ಹಾಗೆನಿಸದು. ಮಕ್ಕಳನ್ನು ಕಳೆದುಕೊಂಡ ಊರಿಗೆ ಕೇಳುವ ಹಕ್ಕಿತ್ತು. ಕೇಳಿದ ಪ್ರಶ್ನೆಗೆ ಬಲ್ಲವರು ಬಂದು ಕೊಳವೆ ಕೊಳವೆಯನ್ನೂ ನೋಡಿ ಉತ್ತರಿಸಿದರು ಎಂಬುದೇ ಆ ಪ್ರಕರಣದ ಸಾರ. ಕೊಳವೆಯ ಒಂದು ಕೀಲು ಸಡಿಲವಾದರೆ ಪ್ರಾಣವೇ ಹೋದೀತು ಎಂಬ ಕಡೆ ಒಬ್ಬ ಪ್ರಾಧ್ಯಾಪಕನ ಜಾಣ್ಮೆ ಸಾಲದು; ಆ ಕೀಲನ್ನು ತಿರುಪುವ ಕೈಗಳೂ ಅಷ್ಟೇ ನಂಬಿಕೆಗೆ ಅರ್ಹವಾಗಿರಬೇಕು.

ಅಂಥ ಕೈಗಳನ್ನು ಓನ್ನೆಸ್ ತಾನೇ ಬೆಳೆಸಿದ. 1901ರಲ್ಲಿ ಪ್ರಯೋಗಶಾಲೆಗೆ ಹೊಂದಿಕೊಂಡಂತೆ ಉಪಕರಣ ತಯಾರಕರ ಶಾಲೆಗೆ ವ್ಯವಸ್ಥಿತ ರೂಪ ಬಂತು. ಹದಿಹರೆಯದ ಹುಡುಗರು ಅಲ್ಲಿ ಲೋಹ ಕಡೆಯುವುದು, ಬೆಸೆಯುವುದು, ಗಾಜು ಊದುವುದು, ನಕ್ಷೆ ಬರೆಯುವುದು, ಯಂತ್ರ ನಡೆಸುವುದನ್ನು ಕಲಿತರು. ಅವರು ತೊಡುತ್ತಿದ್ದ ನೀಲಿ ಕೆಲಸದಂಗಿಯಿಂದಾಗಿ ಊರು ಅವರನ್ನು ನೀಲಿ ಹುಡುಗರೆಂದೇ ಕರೆಯಿತು. ಕಲಿಕೆಯ ವಸ್ತುವಿಗಾಗಿ ಅವರು ಹುಸಿ ಮಾದರಿಗಳನ್ನು ಮಾಡಬೇಕಾಗಿರಲಿಲ್ಲ. ಅವರು ಕಡೆದ ಕವಾಟ ನಾಳೆಯೇ ಪ್ರಯೋಗದಲ್ಲಿ ಕೂಡುತ್ತಿತ್ತು. ಸೋರಿದರೆ ಸೋರಿತೆಂದು ಅಳತೆಯೇ ಹೇಳುತ್ತಿತ್ತು. ಅವರ ಮೇಲೆ ಇಬ್ಬರು ಗುರುಸಮಾನರು: ಯಂತ್ರಗಳ ಮೇಸ್ತ್ರಿ ಗೆರಿಟ್ ಫ್ಲಿಮ್, ಗಾಜಿನ ಕುಶಲಿ ಓಸ್ಕರ್ ಕೆಸೆಲ್‌ರಿಂಗ್. ಒಳಹೊರ ಎರಡು ಗೋಡೆ, ನಡುವೆ ನಿರ್ವಾತ, ಮೈಗೆ ಬೆಳ್ಳಿಯ ಲೇಪ ಇರುವ ಗಾಜಿನ ಪಾತ್ರೆಗಳು ಕೆಸೆಲ್‌ರಿಂಗನ ಉಸಿರಿನಿಂದ ರೂಪುಗೊಂಡವು. ನಮ್ಮ ಮನೆಯ ಥರ್ಮಾಸ್ ಅದೇ ವಂಶದ್ದು.

ಅವರ ಕೈಕೆಲಸವನ್ನು ಇಂದು ಬೂರ್‌ಹಾವೆ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಹಳೆಯ ಊರಿನ ಇಕ್ಕಟ್ಟಾದ ಬೀದಿಯೊಂದರಲ್ಲಿ, ಒಂದು ಕಾಲಕ್ಕೆ ಸಂನ್ಯಾಸಿನಿಯರ ಮಠವೂ ಆಮೇಲೆ ಆಸ್ಪತ್ರೆಯೂ ಆಗಿದ್ದ ಕಟ್ಟಡ ಅದು. ಹೊರಗೋಡೆಯ ಮೇಲೆ ಐನ್‌ಸ್ಟೈನನ ಸಮೀಕರಣ. ಒಳಗೆ 1908ರ ಹೀಲಿಯಂ ಯಂತ್ರ. ಅದರ ಮುಂದೆ ನಿಂತವರಿಗೆ ಹಿತ್ತಾಳೆ, ತಾಮ್ರ, ಗಾಜುಗಳ ಹೆಣಿಗೆ ಕಾಣುತ್ತದೆ. ಯಾವುದೋ ಕಾರ್ಖಾನೆಯ ಮುದ್ರೆಯಿಲ್ಲದ, ಒಂದೊಂದು ಕೂಡುಭಾಗವನ್ನೂ ಯಾರೋ ಕುಳಿತು ಅರದಿಂದ ಉಜ್ಜಿ ಹೊಂದಿಸಿದ ವಸ್ತು.

1908ರ ಜುಲೈ 10. ಹಿಂದಿನ ದಿನವೇ 75 ಲೀಟರ್ ದ್ರವವಾಯುವನ್ನು ಸಿದ್ಧಪಡಿಸಿಟ್ಟಿದ್ದರು. ಬೆಳಗಿನ 5.45ಕ್ಕೆ ಕೆಲಸ ಆರಂಭವಾಯಿತು. ಮಧ್ಯಾಹ್ನ 1.30ರ ಹೊತ್ತಿಗೆ 20 ಲೀಟರ್ ದ್ರವ ಜಲಜನಕ ಕೈಯಲ್ಲಿತ್ತು. ಹೀಲಿಯಂ ಅನಿಲವನ್ನು ಅಮೆರಿಕದ ಉತ್ತರ ಕೆರೊಲಿನಾದಿಂದ ಬಂದ ಮೊನಜೈಟ್ ಮರಳನ್ನು ಕಾಯಿಸಿ, ಶೋಧಿಸಿ, ಬಹುಕಾಲದ ದುಡಿಮೆಯಿಂದ ಕೂಡಿಟ್ಟಿದ್ದರು. ಒಂದು ಸೋರುವ ಕೀಲು ಆ ಗಳಿಕೆಯನ್ನೆಲ್ಲ ಗಾಳಿಗೆ ತೂರಬಲ್ಲುದಾಗಿತ್ತು. ಸಂಜೆಯಾಯಿತು, ಉಷ್ಣಮಾಪಕ ಒಂದೇ ಕಡೆ ನಿಂತಿತು, ಪಾತ್ರೆಯಲ್ಲಿ ಏನೂ ಕಾಣಲಿಲ್ಲ. 7.30ರ ಸುಮಾರಿಗೆ ಉಳಿದಿದ್ದ ಕಡೆಯ ಸೀಸೆಯ ಜಲಜನಕವನ್ನೂ ಜೋಡಿಸಲಾಗಿತ್ತು. ನೋಡಲು ಬಂದಿದ್ದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಸ್ಖ್ರೈನಮಾಕರ್ಸ್ ಪಾತ್ರೆಗೆ ಕೆಳಗಿನಿಂದ ಬೆಳಕು ಹಾಯಿಸಿ ನೋಡಲು ಸೂಚಿಸಿದ. ಆಗ ದ್ರವದ ಮೇಲ್ಮೈ ಚೂರಿಯ ಅಲಗಿನಂತೆ ಸ್ಪಷ್ಟವಾಗಿ ಕಂಡಿತು. ಸುಮಾರು 60 ಮಿಲಿಲೀಟರ್, ಒಂದು ಚಹದ ಬಟ್ಟಲಿಗಿಂತ ಕಡಿಮೆ. ಅಷ್ಟನ್ನು ಪಡೆಯಲು ಇಡೀ ಪ್ರಯೋಗಶಾಲೆ ಒಂದು ದಿನ ಒಂದೇ ದೇಹದಂತೆ ದುಡಿದಿತ್ತು.

ಚಳಿಯನ್ನು ಪಡೆದದ್ದಾಯಿತು, ಅದರಲ್ಲಿ ಅಳೆಯುವುದು ಮುಂದಿನ ಕಷ್ಟ. ದ್ರವ ಹುಟ್ಟುವ ಯಂತ್ರದೊಳಗೆ ಪ್ರಯೋಗದ ಸಲಕರಣೆಗೆ ಎಡೆಯಿರಲಿಲ್ಲ. ಅದನ್ನು ಆವಿಯಾಗಗೊಡದೆ ಬೇರೊಂದು ಪಾತ್ರೆಗೆ ಸಾಗಿಸಬೇಕಾಗಿತ್ತು. ಆ ಪಾತ್ರೆಗೆ ಕ್ರಯೋಸ್ಟಾಟ್ ಎಂದು ಹೆಸರು. 1911ರ ಏಪ್ರಿಲ್ 8ರಂದು ಹೊಸ ಕ್ರಯೋಸ್ಟಾಟ್ ಹೇಗೆ ವರ್ತಿಸುತ್ತದೆ, ಅದರೊಳಗಿನ ಕಲಕುಕೋಲು ಸರಿಯಾಗಿ ತಿರುಗುತ್ತದೆಯೇ ಎಂದು ನೋಡುವುದೂ ದಿನದ ಕೆಲಸವಾಗಿತ್ತು. ಒಳಗೆ ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ತುಂಬಿದ ಪಾದರಸ. ವಿದ್ಯುತ್ತಿನ ಅಳತೆಗೆ ಕೂತವರು ಗಿಲೆಸ್ ಹೋಲ್ಸ್ಟ್ ಮತ್ತು ಕಾರ್ನೆಲಿಸ್ ಡೋರ್ಸ್‌ಮನ್. ಅವರು ಕೂತದ್ದು ಯಂತ್ರದಿಂದ ಸುಮಾರು 50 ಮೀಟರ್ ದೂರದ ಕತ್ತಲ ಕೋಣೆಯಲ್ಲಿ. ಕಾರಣ ಸರಳ: ಗ್ಯಾಲ್ವನೋಮೀಟರಿನಲ್ಲಿ ತೂಗುವ ಪುಟ್ಟ ಕನ್ನಡಿಯ ಮೇಲೆ ಬಿದ್ದ ಬೆಳಕಿನ ಚುಕ್ಕೆ ಎಷ್ಟು ಸರಿಯುತ್ತದೆ ಎಂಬುದೇ ಅಳತೆ, ಪಂಪುಗಳ ಧಡಧಡ ಅದನ್ನು ಅಲುಗಾಡಿಸುತ್ತಿತ್ತು.

ಮಧ್ಯಾಹ್ನ ನಾಲ್ಕು ಗಂಟೆಗೆ ಓನ್ನೆಸ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಸೀಸದಕಡ್ಡಿಯಿಂದ ಮೂರು ಡಚ್ ಪದಗಳನ್ನು ಬರೆದ: ಪಾದರಸ ಬಹುತೇಕ ಶೂನ್ಯ. ವಿದ್ಯುತ್ತಿಗೆ ಪಾದರಸ ಒಡ್ಡುತ್ತಿದ್ದ ತಡೆ ಅಳೆಯಲಾರದಷ್ಟು ಇಳಿದಿತ್ತು. ಅತಿವಾಹಕತೆ ಎಂದು ಇಂದು ಪಠ್ಯಪುಸ್ತಕ ಹೇಳುವ ವಿದ್ಯಮಾನ ಮನುಷ್ಯನಿಗೆ ಕಂಡದ್ದು ಹೀಗೆ. ದೊಡ್ಡ ಆಸ್ಪತ್ರೆಗಳಲ್ಲಿ ಎಂ.ಆರ್.ಐ. ಯಂತ್ರದೊಳಗೆ ಮಲಗುವ ರೋಗಿಯ ಸುತ್ತ ಇರುವುದು ಸಾಮಾನ್ಯವಾಗಿ ದ್ರವ ಹೀಲಿಯಮ್ಮಿನಿಂದ ತಣಿಸಿದ ಅತಿವಾಹಕ ಸುರುಳಿಯೇ. ಓನ್ನೆಸನಿಗೆ 1913ರಲ್ಲಿ ನೊಬೆಲ್ ಪಾರಿತೋಷಕ ಬಂತು.

ನೀಲಿ ಹುಡುಗರಿಗೆ ಏನು ಬಂತು? ಅವರ ಪಾಲಿಗೆ ಬಹುಕಾಲ ಉಳಿದದ್ದು ಒಂದು ತಮಾಷೆಯ ಕಥೆ. ಹೀಲಿಯಮ್ಮಿನ ಆವಿಯ ಒತ್ತಡವನ್ನು ಕಾಯಬೇಕಾಗಿದ್ದ ಹುಡುಗನೊಬ್ಬ ತೂಕಡಿಸಿದನಂತೆ, ಉಷ್ಣತೆ ತಾನಾಗಿ ಮೇಲೇರಿತಂತೆ, ಪಾದರಸದ ರೋಧ ಥಟ್ಟನೆ ಮರಳಿದ್ದನ್ನು ಆಗ ಹೋಲ್ಸ್ಟ್ ಕಂಡನಂತೆ. ಕಥೆ ಬಾಯಿಂದ ಬಾಯಿಗೆ ಹರಿದು ಪುಸ್ತಕಗಳನ್ನೂ ಸೇರಿತು. ನ್ಯಾಯಾಲಯದಲ್ಲಿ ಇಂಥದ್ದಕ್ಕೆ ಕೇಳಿಕೆಯ ಸಾಕ್ಷ್ಯ ಎನ್ನುತ್ತೇವೆ. ಲಿಖಿತ ದಾಖಲೆಯಿದ್ದಲ್ಲಿ ಅದಕ್ಕೆ ಬೆಲೆಯಿಲ್ಲ. ದಾಖಲೆ ಇದೆ, ಬೂರ್‌ಹಾವೆಯಲ್ಲಿಯೇ ಇದೆ. 1911ರ ಮೇ 23ರ ಟಿಪ್ಪಣಿಯಲ್ಲಿ ಉಷ್ಣತೆಯನ್ನು ಉದ್ದೇಶಪೂರ್ವಕವಾಗಿ ಹೆಜ್ಜೆ ಹೆಜ್ಜೆಯಾಗಿ ಏರಿಸಿದ ವಿವರವಿದೆ: 4.00 ಕೆಲ್ವಿನ್‌ನಲ್ಲಿ ರೋಧ ಕಾಣದು, 4.05ರಲ್ಲಿ ಇನ್ನೂ ಕಾಣದು, 4.12ರಲ್ಲಿ ಕಾಣತೊಡಗಿತು. ನಿದ್ದೆಗೆಟ್ಟ ಎಚ್ಚರವಿಲ್ಲದೆ ಡಿಗ್ರಿಯ ನೂರನೆಯ ಭಾಗಗಳಲ್ಲಿ ಹೆಜ್ಜೆಯಿಡಲು ಯಾರಿಂದ ಸಾಧ್ಯ? ಆ ಹುಡುಗನ ಹೆಸರಿನಲ್ಲಿ ವಕಾಲತ್ತು ಸಲ್ಲಿಸುವ ಪ್ರಸಂಗ ಬಂದರೆ ನಾನು ಅದೊಂದೇ ಪುಟವನ್ನು ಹಾಜರುಪಡಿಸಿ ಕೂತುಬಿಡುವೆ.

ಆ ಪುಟದ ಭಾಷೆಯ ಬಗೆಗೂ ಒಂದು ಮಾತು. ಪ್ರಯೋಗಶಾಲೆಯ ಸಂಶೋಧನ ಪ್ರಕಟಣೆಗಳು 1885ರಿಂದಲೇ ಇಂಗ್ಲಿಷಿನಲ್ಲಿ ಹೊರಬಂದು ಲೋಕವನ್ನು ತಲುಪುತ್ತಿದ್ದವು. ಆದರೆ ಟಿಪ್ಪಣಿ ಪುಸ್ತಕ ಡಚ್ಚಿನಲ್ಲಿತ್ತು. ಫ್ಲಿಮ್ ಹುಡುಗನಿಗೆ ಕವಾಟವನ್ನು ಇನ್ನೂ ಅರ್ಧ ಸುತ್ತು ತಿರುವೆಂದು ಹೇಳಿದ್ದು ಮನೆಯ ಮಾತಿನಲ್ಲಿ. ಲೋಕಕ್ಕೆ ಹೇಳಲು ಒಂದು ಭಾಷೆ, ಕೈಗೆ ಕಲಿಸಲು ಇನ್ನೊಂದು, ಎರಡಕ್ಕೂ ಜಗಳವಿರಲಿಲ್ಲ. ನಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದರೆ ವಿಜ್ಞಾನ ತಪ್ಪಿಹೋದೀತೇ ಎಂದು ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗಗಳ ಪಾಲಕರು ಕೇಳುವುದನ್ನು ಬಲ್ಲವನಾಗಿ ಇದನ್ನು ಬರೆಯುತ್ತಿದ್ದೇನೆ. ಹೋಲಿಕೆಗೆ ಮಿತಿಯಿದೆ ಎಂಬುದನ್ನೂ ಹೇಳಬೇಕು. ಡಚ್ಚಿಗೆ ಒಂದು ರಾಜ್ಯದ ಬೆಂಬಲವಿದೆ. ಇಲ್ಲಿ ಕನ್ನಡ ಅಲ್ಪಸಂಖ್ಯಾತರ ನುಡಿ, ಮಗುವಿಗೆ ಮರಾಠಿಯೂ ಬೇಕು, ಇಂಗ್ಲಿಷೂ ಬೇಕು. ಅಲ್ಪಸಂಖ್ಯಾತ ಭಾಷೆಯ ಮಗುವಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ ರಾಜ್ಯಗಳಿಗೆ ವಿಧಿಸಿದೆ. ಕೊಠಡಿ, ಪುಸ್ತಕ, ಶಿಕ್ಷಕರಿಗಾಗಿ ನಾವು ಈ ಅನುಚ್ಛೇದವನ್ನು ಎತ್ತಿ ಹೇಳುತ್ತೇವೆ; ಹೇಳಲೇಬೇಕು. ಆದರೆ ಸೌಕರ್ಯ ಎಂಬ ಪದದಲ್ಲಿ ಒಂದು ಕೆಲಸದ ಮೇಜೂ ಸೇರಲಿ ಎಂದು ಕೇಳುವವರು ಕಡಿಮೆ.

ಕೇಳಲು ದಾರಿಯೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನಂತೆ ಜಿಲ್ಲಾ ಪರಿಷತ್ತಿನ ಪ್ರತಿಯೊಂದು ಶಾಲೆಗೂ ವ್ಯವಸ್ಥಾಪನ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. 22ನೆಯ ಕಲಮಿನಂತೆ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯುವುದು ಆ ಸಮಿತಿಯೇ. ಸುಣ್ಣಬಣ್ಣ, ಗೋಡೆ, ನೀರಿನ ಟಾಕಿಗಳ ಜೊತೆಗೆ ಆ ಯೋಜನೆಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯಿಸಬಹುದು: ಗಟ್ಟಿಯಾದ ಒಂದು ಮೇಜು, ಹಿಡಿಕೆಯ ಇಕ್ಕಳ, ಅರ, ಬೆಸುಗೆಯ ಕಡ್ಡಿ, ಒಂದು ಮಲ್ಟಿಮೀಟರ್, ನಾಲ್ಕು ಉಷ್ಣಮಾಪಕ. ಇವುಗಳಿಂದ ಯಾರೂ ಹೀಲಿಯಂ ದ್ರವವಾಗಿಸಲಾರರು. ಆದರೆ ಹೊಸ ಹರವಿಯಲ್ಲಿಯೂ ಹಳೆಯ ಹರವಿಯಲ್ಲಿಯೂ ನೀರಿಟ್ಟು, ಗಂಟೆಗೊಮ್ಮೆ ಉಷ್ಣತೆ ಬರೆದುಕೊಂಡು, ಯಾವುದು ಎಷ್ಟು ತಣಿಯಿತು, ಏಕೆ ಎಂದು ಐದನೆಯ ತರಗತಿಯ ಹುಡುಗಿ ಕನ್ನಡದಲ್ಲಿಯೇ ವಾದಿಸಬಲ್ಲಳು. ತಾಮ್ರದ ತಂತಿಯ ರೋಧ ಬಿಸಿಯಲ್ಲಿ ಹೇಗೆ, ಮಂಜುಗಡ್ಡೆಯಲ್ಲಿ ಹೇಗೆ ಎಂದು ಏಳನೆಯ ತರಗತಿಯ ಹುಡುಗ ಅಳೆದು ನೋಡಬಲ್ಲ.

ಲೈಡನ್ನಿನ ಉಪಕರಣ ತಯಾರಕರ ಶಾಲೆ ಈಗಲೂ ನಡೆಯುತ್ತಿದೆ. ಲೋಹ, ಗಾಜುಗಳ ಜೊತೆಗೆ ಈಗ ಇಲೆಕ್ಟ್ರಾನಿಕ್ಸನ್ನೂ ಕಲಿಸುತ್ತದೆ. ಪ್ರಯೋಗಶಾಲೆ ಬೇರೆಡೆಗೆ ಹೋಯಿತು, ಕಟ್ಟಡಕ್ಕೆ ಕಾನೂನಿನವರು ಬಂದರು, ಯಂತ್ರ ಗಾಜಿನ ಪೆಟ್ಟಿಗೆಗೆ ಸೇರಿತು. ಶಾಲೆ ಮಾತ್ರ ಉಳಿಯಿತು. ಮುಂದಿನ ಸಮಿತಿ ಸಭೆಯ ನೋಟೀಸು ಬಂದಾಗ ಮೇಜಿನ ಆ ಒಂದು ಸಾಲನ್ನು ಬರೆದುಕೊಂಡು ಹೋಗಿರಿ.